ಎಷ್ಟು ಸಲ ಬಸುರು ಅಂತ ಡಾಕ್ಟರು ಕೇಳಿದ್ರ ಪೂರಾ ಲೆಕ್ಕ ಹೇಳ್ರಿ

ನಮ್ಮ ಹೆಣ್ಣುಮಕ್ಕಳಿಗೆ 'ಎಷ್ಟು ಮಕ್ಕಳ್ರಿ?' ಅಂತ ಕೇಳಿದ್ರ ಪಟ್ನ ಉತ್ತರ ಬರ್ತದ. ಹೆಸರು, ಎಷ್ಟನೇ ಕ್ಲಾಸು, ಯಾರ ಮೂಗಿನಂಗ ಮೂಗು, ಎಲ್ಲಾ ಬರ್ತದ. ಆದ್ರ 'ಎಷ್ಟು ಸಲ ಬಸುರಾಗಿದ್ರಿ?' ಅಂತ ಕೇಳಿ ನೋಡ್ರಿ. ಮೊದ್ಲ ಕಣ್ಣು ಬಾಜೂಕ ಕೂತ ಅತ್ತಿ ಕಡೆ ಹೋಗ್ತದ, ಆಮ್ಯಾಲೆ ಗಂಡನ ಕಡೆ, ಆಮ್ಯಾಲೆ ಉತ್ತರ ಬರ್ತದ. ಎಷ್ಟೋ ಸಲ ಆ ಉತ್ತರದಾಗ ಒಂದೋ ಎರಡೋ ಕಡಿಮಿ ಇರ್ತಾವ. ಮೂರು ತಿಂಗಳಿಗೆ ಇಳಿದು ಹೋದದ್ದು ಲೆಕ್ಕಕ್ಕ ಬರೂದಿಲ್ಲ. ತೆಗಿಸಿದ್ದು ಅಂತೂ ಬಾಯಿಗೇ ಬರೂದಿಲ್ಲ.

ಇವತ್ತು ನಾ ಬರಿಯೂದು ಆ ಕಡಿಮಿ ಬಿದ್ದ ಲೆಕ್ಕದ ಬಗ್ಗೆ. ಕಿಡ್ನಿ ಕಸಿ ಮಾಡಿಸ್ಕೋಬೇಕಾದ ಹೆಣ್ಣುಮಗಳಿಗೆ ಈ ಲೆಕ್ಕ ಅಂದ್ರ ಜೀವದ ಲೆಕ್ಕ. ಅದನ್ನ ಆಕಿ ಡಾಕ್ಟರಿಗೆ ಪೂರಾ ಹೇಳಬೇಕು. ಮತ್ತ ಆಕಿಗೆ ಹೇಳ್ಲಿಕ್ಕೆ ಬರೂಹಂಗ ಮನಿಮಂದಿ ಐದು ಮಿನಿಟು ಎದ್ದು ಹೊರಗ ಹೋಗಬೇಕು. ಇದು ನನ್ನ ಅಭಿಪ್ರಾಯ. ಯಾಕ ಅಂತ ಹೇಳ್ತೀನಿ. ಚಹಾ ಮಾಡ್ಕೊಂಡು ಬಂದು ಕೂಡ್ರಿ, ಸ್ವಲ್ಪ ಉದ್ದ ಅದ.

ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸು. ಆದ್ರ ನಮ್ಮ ನೆಗೆಣ್ಣಿಗೆ ಎರಡೂ ಕಿಡ್ನಿ ಕೆಲಸ ಬಿಟ್ಟಾಗ ಎರಡು ವರ್ಷ ಆಕಿ ಜೋಡಿ ದವಾಖಾನಿ ತಿರುಗಿದಾಕಿ ನಾನ. ಡಾಕ್ಟರು ಹೇಳಿದ್ದು ತಿಳಿಲಿಲ್ಲಂದ್ರ ಮತ್ತೊಮ್ಮೆ ಕೇಳಿ, ಹಾಲಿನ ಲೆಕ್ಕದ ವಹಿ ಹಿಂದಿನ ಹಾಳ್ಯಾಗ ಬರಕೊಂಡು ಬರ್ತಿದ್ದೆ. ಈ ಲೇಖನ ಬರಿ ಅಂದಾಕಿ ಆಕಿನೇ. ಹೆಸರು ಮಾತ್ರ ಬ್ಯಾಡ ಅಂದಾಳ, ಹಾಕೂದಿಲ್ಲ. ಓಣ್ಯಾಗಿನವರಿಗೆ ಗೊತ್ತಾದ್ರೂ ಗೊತ್ತಿಲ್ಲದಂಗ ಇರ್ರಿ.

ಮೊದ್ಲ ಆದದ್ದು ಹೇಳ್ತೀನಿ. ವಾರಕ್ಕ ಮೂರು ಸಲ ಡಯಾಲಿಸಿಸ್ ನಡೆದಿತ್ತು. ನಮ್ಮ ಮೈದುನ, ಅಂದ್ರ ಆಕಿ ಗಂಡ, ತಾನ ಕಿಡ್ನಿ ಕೊಡ್ತೀನಿ ಅಂತ ಮುಂದ ಬಂದ. ಇಬ್ಬರದೂ ಒಂದ ರಕ್ತದ ಗುಂಪು. ಮನ್ಯಾಗ ಎಲ್ಲಾರೂ ಇನ್ನೇನು ಕೆಲಸ ಆತು ಅಂದ್ರು. ಕಡೀಕ ಕ್ರಾಸ್‌ಮ್ಯಾಚ್ ಅಂತ ಒಂದು ಟೆಸ್ಟ್ ಇತ್ತು. ಮೈದುನ ಫೋನ್ ಮಾಡಿ 'ಪಾಸಿಟಿವ್ ಬಂದದ' ಅಂದ ಕೂಡ್ಲೆ ನಮ್ಮ ಅತ್ತಿಯವರು ದೇವರ ಮುಂದ ತುಪ್ಪದ ದೀಪ ಹಚ್ಚಿದ್ರು. ಪಾಸಿಟಿವ್ ಅಂದ್ರ ಛಲೋ ಅಂತ ಯಾರಿಗೆ ಅನ್ನಿಸೂದಿಲ್ಲ ಹೇಳ್ರಿ? ಈ ಟೆಸ್ಟ್‌ನ್ಯಾಗ ಅದು ಉಲ್ಟಾ. ಪಾಸಿಟಿವ್ ಅಂದ್ರ ಗಂಡನ ಕಿಡ್ನಿ ಹಾಕಿದ್ರ ಆಕಿ ಮೈ ಅದನ್ನ ತಿರಸ್ಕಾರ ಮಾಡ್ತದ ಅಂತ.

ಯಾಕ ಹಂಗ? ನಮ್ಮ ಮೈಯಾಗಿನ ಬಹುತೇಕ ಜೀವಕೋಶಗಳ ಮ್ಯಾಲೆ ಗುರುತಿನ ಚೀಟಿ ಇದ್ದಂಗ ಒಂದಿಷ್ಟು ಗುರುತು ಇರ್ತಾವ. ಅವಕ್ಕ ಎಚ್‌ಎಲ್‌ಎ ಅಂತಾರ. ಅರ್ಧಾ ಗುರುತು ಅವ್ವನಿಂದ ಬರ್ತಾವ, ಅರ್ಧಾ ಅಪ್ಪನಿಂದ. ನಮ್ಮ ಗುರುತು ಇದ್ದದ್ದು ನಮ್ಮದು, ಇಲ್ಲದ್ದು ಹೊರಗಿಂದು ಅಂತ ಮೈ ತಿಳ್ಕೋತದ. ಹೊರಗಿಂದು ಬಂದ್ರ ಅದರ ವಿರುದ್ಧ ಆಂಟಿಬಾಡಿ ತಯಾರು ಮಾಡ್ತದ, ಪೇಪರಿನವರು ಪ್ರತಿಕಾಯ ಅಂತ ಬರೀತಾರಲ್ಲ, ಅದ.

ಈಗ ಬಸುರಿನ ಮಾತಿಗೆ ಬರ್ತೀನಿ. ಹೊಟ್ಟ್ಯಾಗಿನ ಕೂಸಿನ ಅರ್ಧಾ ಗುರುತು ಗಂಡಂದು. ನಮ್ಮ ಮೈಗೆ ಅದು ಹೊರಗಿಂದ. ಆದ್ರೂ ಒಂಬತ್ತು ತಿಂಗಳು ಮೈ ಆ ಕೂಸನ್ನ ತಡಕೊಂಡು, ಕಾಪಾಡಿ ಬೆಳಸ್ತದ. ಬಸುರಿದ್ದಾಗ ಸ್ವಲ್ಪ ಸ್ವಲ್ಪ, ಹಡಿಯೂ ಹೊತ್ತಿನ್ಯಾಗ ಇನ್ನೂ ಹೆಚ್ಚು, ಕೂಸಿನ ಜೀವಕೋಶ ತಾಯಿ ರಕ್ತದಾಗ ಕೂಡ್ತಾವ. ಆವಾಗ ಕೆಲವು ತಾಯಂದಿರ ಮೈ ಗಂಡನ ಗುರುತಿನ ವಿರುದ್ಧ ಆಂಟಿಬಾಡಿ ಮಾಡಿ ಇಟ್ಕೋತದ. ಎಲ್ಲಾರಿಗೂ ಆಗೂದಿಲ್ಲ. ಬಸುರಿನ ಲೆಕ್ಕ ಹೆಚ್ಚಾದಂಗ ಆಗೂ ಸಾಧ್ಯತೆ ಹೆಚ್ಚು. ಅರ್ಧಕ್ಕ ನಿಂತ ಬಸುರಿನಿಂದಾನೂ ಆಗಬಹುದು. ಆಗಿದ್ರೂ ನಮಗ ಏನೂ ತ್ರಾಸಿಲ್ಲ, ಮುಂದಿನ ಬಾಣಂತನ ಆರಾಮ ಆಗ್ತದ, ಜನ್ಮಪೂರ್ತಿ ಗೊತ್ತೂ ಆಗೂದಿಲ್ಲ. ಒಂದ ಒಂದು ಹೊತ್ತಿನ್ಯಾಗ ಅದು ಎದ್ದು ನಿಲ್ತದ. ನಮಗ ಯಾರದರ ಅಂಗ ಹಾಕೂ ಹೊತ್ತಿನ್ಯಾಗ.

ಇಂಥ ಆಂಟಿಬಾಡಿ ಬರೂ ದಾರಿ ಮೂರು: ಬಸುರು, ಬ್ಯಾರೆಯವರ ರಕ್ತ ಏರಿಸಿಕೊಂಡದ್ದು, ಮತ್ತ ಹಿಂದೊಮ್ಮೆ ಆದ ಕಸಿ. ಗಂಡಸರಿಗೆ ಎರಡ ದಾರಿ. ನಮಗ ಮೂರೂ ಅವ. ಕಿಡ್ನಿ ಕೊಡೂ ಮನುಷ್ಯಾನ ಗುರುತಿನ ಮ್ಯಾಲೇ ಆಂಟಿಬಾಡಿ ಇತ್ತಂದ್ರ ರಿಪೋರ್ಟಿನ್ಯಾಗ ಡಿಎಸ್‌ಎ ಅಂತ ಬರೀತಾರ. ನಮ್ಮ ನೆಗೆಣ್ಣಿ ರಿಪೋರ್ಟಿನ್ಯಾಗ ಇದ್ದದ್ದು ಅದ.

ಇದರಿಂದ ತಿಳಿಯೂದೇನು? ಹೆಂಡತಿ ಕೊಟ್ಟ ಕಿಡ್ನಿ ಗಂಡಗ ಕೂಡ್ತದ ಅಂತ ಗಂಡ ಕೊಟ್ಟದ್ದೂ ಹೆಂಡತಿಗೆ ಅಷ್ಟ ಸರಳ ಕೂಡ್ತದ ಅಂತ ತಿಳಿಬಾರದು. ಆಕಿ ಅಂವನ ಮಕ್ಕಳನ್ನ ಹಡೆದಾಳ. ಅಂವನ ಗುರುತು ಆಕಿ ಮೈಗೆ ಮೊದ್ಲ ಪರಿಚಯ ಅದ. ಹಂಗ ಅವ್ವ ಮಕ್ಕಳಿಗೆ ಕೊಟ್ರ ಈ ಬಸುರಿನ ತೊಡಕು ಇಲ್ಲ, ಮಕ್ಕಳು ಅವ್ವಗ ಕೊಡ್ತೀನಿ ಅಂದ್ರ ಅದ. ಯಾಕಂದ್ರ ಮಕ್ಕಳ ಅರ್ಧಾ ಗುರುತು ಅಪ್ಪಂದು. ನಮ್ಮ ನೆಗೆಣ್ಣಿ ದೊಡ್ಡ ಮಗಳು ತಾ ಕೊಡ್ತೀನಿ ಅಂತ ಬಂದ್ಲು. ಆಕಿ ಟೆಸ್ಟೂ ಪಾಸಿಟಿವ್. 'ಹೊಟ್ಟ್ಯಾಗ ಹುಟ್ಟಿದ ಮಗಳದು ಕೂಡೂದಿಲ್ಲಂದ್ರ ಇನ್ಯಾರದು ಕೂಡ್ತದ?' ಅಂತ ಅತ್ತಿಯವರು ಅತ್ರು. ಹೊಟ್ಟ್ಯಾಗ ಹುಟ್ಟಿದ್ದಕ್ಕ ಕೂಡಲಿಲ್ಲ ಅಂತ ತಿಳಿಸಿ ಹೇಳ್ಲಿಕ್ಕೆ ನನಗ ಅರ್ಧಾ ದಿನ ಬೇಕಾತು.

ಇಲ್ಲೆ ಒಂದು ಹಳೇ ಕತಿ ಹೇಳಬೇಕು. ಈ ಎಚ್‌ಎಲ್‌ಎ ವಿದ್ಯಾ ಹುಟ್ಟಿದ್ದ ತಾಯಂದಿರ ರಕ್ತದಿಂದ. 1958ರಾಗ ಅಮೆರಿಕಾದ ಸ್ಟ್ಯಾನ್‌ಫೋರ್ಡಿನ್ಯಾಗ ರೋಸ್ ಪೇನ್ ಅನ್ನೂ ಹೆಣ್ಣುಮಗಳು, ಅದ ವರ್ಷ ಹಾಲೆಂಡಿನ ಲೈಡೆನ್ನಿನ್ಯಾಗ ಯಾನ್ ಫಾನ್ ರೋಡ್ ಅನ್ನೂ ಡಾಕ್ಟರು, ಇಬ್ಬರೂ ಬ್ಯಾರೆ ಬ್ಯಾರೆ ಕೆಲಸ ಮಾಡಿ ಒಂದ ಮಾತು ಕಂಡುಹಿಡಿದ್ರು. ಬಸುರಾದ ಹೆಂಗಸರ ರಕ್ತದಾಗ ಬ್ಯಾರೆಯವರ ಬಿಳಿ ರಕ್ತಕಣ ಹಿಡಿಯೂ ಆಂಟಿಬಾಡಿ ಇರ್ತಾವ ಅಂತ. ಆಮ್ಯಾಲೆ ಯಾರ ಗುರುತು ಯಾವುದು ಅಂತ ಪರೀಕ್ಷಾ ಮಾಡ್ಲಿಕ್ಕೆ ಭಾಳ ಸಲ ಹಡೆದ ತಾಯಂದಿರ ರಕ್ತದ ತಿಳಿನೀರನ್ನ ಸಂಗ್ರಹ ಮಾಡಿ ವರ್ಷಾನುಗಟ್ಟಲೆ ಉಪಯೋಗ ಮಾಡಿದ್ರು. ಇವತ್ತು ಜಗತ್ತಿನ್ಯಾಗ ಯಾವ ಗಂಡಸಿಗೆ ಕಿಡ್ನಿ ಕೂಡಿಸಿದ್ರೂ ಅದರ ಹಿಂದ ಇಂಥ ತಾಯಂದಿರ ಋಣ ಅದ. ಅದ ತಾಯಂದಿರಿಗೆ ಕಿಡ್ನಿ ಬೇಕಾದಾಗ ಮಾತ್ರ 'ನಿನ್ನ ಮೈ ಒಪ್ಪಂಗಿಲ್ಲ' ಅಂತ ಕೈ ಬಿಟ್ರ ಅದು ನ್ಯಾಯ ಅಲ್ಲ.

ಟೆಸ್ಟ್ ಯಾಕ ಬೇಕು ಅನ್ನೂದಕ್ಕೂ ಹಳೇ ಲೆಕ್ಕ ಅದ. 1969ರಾಗ ಪಟೇಲ್ ಮತ್ತ ಟೆರಾಸಾಕಿ ಅಂತ ಇಬ್ಬರು ಕ್ಯಾಲಿಫೋರ್ನಿಯಾದಾಗ ಪ್ರಕಟ ಮಾಡಿದ್ದು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದೂ ಕಸಿ ಆಗಿದ್ದ 30 ಮಂದಿಯೊಳಗ 24 ಮಂದಿ ಕಿಡ್ನಿ ಹಾಕಿದ ಕೂಡ್ಲೆ ಕೆಟ್ವು. ನೆಗೆಟಿವ್ ಇದ್ದ 195 ಮಂದಿಯೊಳಗ ಹಂಗಾದದ್ದು 8 ಮಂದಿಗೆ. ಅವತ್ತಿನಿಂದ ಈ ಟೆಸ್ಟ್ ಇಲ್ಲದ ಯಾರೂ ಕಿಡ್ನಿ ಹಾಕೂ ಧೈರ್ಯಾ ಮಾಡೂದಿಲ್ಲ. ಕೊಡೂವರ ಬಿಳಿ ರಕ್ತಕಣ, ತಗೊಳ್ಳೂವರ ರಕ್ತದ ತಿಳಿನೀರು, ಎರಡೂ ಕೂಡಿಸಿ ಜಗಳಾ ಆಗ್ತದೇನು ಅಂತ ಮೊದ್ಲ ನೋಡ್ಕೋತಾರ. ಇದಲ್ಲದ ಸಣ್ಣ ಸಣ್ಣ ಮಣಿಯಂಥವುಗಳ ಮ್ಯಾಲೆ ಒಂದೊಂದ ಗುರುತು ಹಚ್ಚಿ, ಯಾವ ಗುರುತಿನ ಮ್ಯಾಲೆ ಎಷ್ಟು ಆಂಟಿಬಾಡಿ ಅದ ಅಂತ ಅಂಕಿ ತೋರ್ಸೂ ಹೊಸಾ ಟೆಸ್ಟೂ ಅವ.

ಇಲ್ಲೇ ನೀವು ಕೇಳ್ತೀರಿ, ನಮ್ಮ ಎದುರು ಮನಿ ವೈನಿ ಕೇಳಿದಂಗ: 'ಅಲ್ರಿ, ಇಷ್ಟೆಲ್ಲಾ ಟೆಸ್ಟ್ ಮಾಡ್ತಾರಂದ ಮ್ಯಾಲೆ ಬಸುರಿನ ಲೆಕ್ಕ ಬಾಯಿಲೆ ಹೇಳೂದು ಯಾಕ? ರಕ್ತದಾಗ ಇದ್ದದ್ದು ರಕ್ತದಾಗ ಕಾಣ್ತದಲ್ಲ?'

ಇದ ಪ್ರಶ್ನೆ ನಾನೂ ಡಾಕ್ಟರಿಗೆ ಕೇಳಿದ್ದೆ. ಅವರು ಹೇಳಿದ್ದು ಹಿಂಗ. ಹಡೆದು ಇಪ್ಪತ್ತು ಮೂವತ್ತು ವರ್ಷ ಆದ ಮ್ಯಾಲೆ ರಕ್ತದಾಗ ಆಂಟಿಬಾಡಿ ಕಡಿಮ್ಯಾಗಿ ಟೆಸ್ಟಿನ್ಯಾಗ ಕಾಣಲಾರದಷ್ಟು ಇಳಿದಿರಬಹುದು. ಆದ್ರ ಅದನ್ನ ಮಾಡೂದು ಹೆಂಗ ಅಂತ ನೆನಪು ಇಟ್ಕೊಂಡ ಜೀವಕೋಶ ಮೈಯಾಗ ಉಳಿದಿರ್ತಾವ. ಅದ ಗುರುತಿನ ಕಿಡ್ನಿ ಒಳಗ ಬಂತಂದ್ರ ಅವು ಎಚ್ಚರಾಗಿ ಸ್ವಲ್ಪ ದಿನದಾಗ ರಾಶಿ ಆಂಟಿಬಾಡಿ ಮಾಡ್ತಾವ. ಅಂದ್ರ ಟೆಸ್ಟ್ ಇವತ್ತಿನ ಮಾತು ಹೇಳ್ತದ, ಹಿಂದಿನ ಮಾತು ನಾವ ಹೇಳಬೇಕು. ಎಷ್ಟು ಬಸುರು, ಎಷ್ಟು ಬಾಟ್ಲಿ ರಕ್ತ ಅಂತ ಗೊತ್ತಿದ್ರ ಡಾಕ್ಟರು ಯಾವ ಗುರುತು ತಪ್ಪಿಸಬೇಕು, ಆಪರೇಶನ್ ಹೊತ್ತಿನ್ಯಾಗ ಎಷ್ಟು ಜೋರಿನ ಔಷಧ ಕೊಡಬೇಕು, ಆಮ್ಯಾಲೆ ಎಷ್ಟು ದಿನಕ್ಕೊಮ್ಮೆ ರಕ್ತ ನೋಡಬೇಕು ಅನ್ನೂದನ್ನ ಅದರ ಮ್ಯಾಲೆ ತೀರ್ಮಾನ ಮಾಡ್ತಾರ.

ನಮ್ಮ ನೆಗೆಣ್ಣಿ ಮೊದಲ್ನೇ ಸಲ ಹೇಳಿದ ಲೆಕ್ಕ ಎರಡು. ಬಾಜೂಕ ಗಂಡ, ಅತ್ತಿ, ನಾನು, ಮೂರೂ ಮಂದಿ ಇದ್ವಿ. ಒಂದು ತಿಂಗಳ ಮ್ಯಾಲೆ ಅಲ್ಲಿನ ಸಿಸ್ಟರ್ ಒಬ್ಬಾಕಿ ಶಾಣ್ಯಾಕಿ, ತೂಕ ನೋಡ್ತೀನಿ ಅಂತ ಆಕಿನ್ನೊಬ್ಬಾಕಿನ್ನ ಒಳಗ ಕರದು ಮತ್ತ ಕೇಳಿದ್ಲು. ಆವಾಗ ಬಂತು ಮೂರನೇದು. ಎರಡು ಮಕ್ಕಳ ನಡುವ ಒಂದು ನಿಂತಿತ್ತು. ಆಗ ಮೈದುನನ ಕೆಲಸಾ ಹೋಗಿತ್ತು, ತವರಮನ್ಯಾಗ ತೆಗಿಸಿದ್ಲು. ಎರಡನೇ ಹೆರಿಗಿಯೊಳಗ ರಕ್ತ ಭಾಳ ಹೋಗಿ ಎರಡು ಬಾಟ್ಲಿ ಏರಿಸಿದ್ದೂ ಅವತ್ತ ಹೇಳಿದ್ಲು.

ಅದು ಎಲ್ಲಿ ಉಪಯೋಗಕ್ಕ ಬಂತು ಕೇಳ್ರಿ. ಆಮ್ಯಾಲೆ ಬ್ಯಾರೆ ಒಬ್ಬರ ಕಿಡ್ನಿ ಆಕಿಗೆ ನೋಡಿದ್ರು. ಕ್ರಾಸ್‌ಮ್ಯಾಚ್ ನೆಗೆಟಿವ್ ಬಂತು. ನಾವೆಲ್ಲಾ ಈ ಸಲ ನೆಗೆಟಿವ್ ಅಂದ್ರ ಖುಷಿ ಪಡೂದು ಕಲ್ತಿದ್ವಿ. ಆದ್ರ ಆ ಕೊಡೂವರಿಗಿದ್ದ ಒಂದು ಗುರುತು ನಮ್ಮ ಮೈದುನಗ ಇದ್ದದ್ದ ಗುರುತು. ಡಾಕ್ಟರು 'ಮೂರು ಬಸುರು, ಎರಡು ಬಾಟ್ಲಿ ರಕ್ತ, ಈ ಮೈ ಇದನ್ನ ಮರೆತಿರಲಿಕ್ಕಿಲ್ಲ' ಅಂತ ಅದನ್ನ ಬಿಟ್ಟು ಮತ್ತೊಂದಕ್ಕ ಕಾದ್ರು. ನಾಲ್ಕು ತಿಂಗಳು ಹೆಚ್ಚು ಡಯಾಲಿಸಿಸ್ ಆತು. ಇವತ್ತು ಆಕಿ ಆರಾಮ ಇದ್ದಾಳ.

ಅದಕ್ಕ ನಾ ಹೇಳೂದು, ಈ ಪ್ರಶ್ನೆ ಕೇಳೂ ಹೊತ್ತಿನ್ಯಾಗ ಮನಿಮಂದಿ ಹೊರಗ ಹೋಗಬೇಕು. ಅತ್ತಿಯಂದಿರಿಗೆ ಸಿಟ್ಟು ಬರ್ತದ, 'ನಮ್ಮಿಂದ ಮುಚ್ಚಿಡೂದೇನದ?' ಅಂತಾರ. ಮುಚ್ಚಿಡೂದು ಏನೂ ಇಲ್ಲದಿದ್ರೂ ಹೊರಗ ಹೋಗ್ರಿ, ಇದ್ರಂತೂ ಹೋಗ್ರೇ ಹೋಗ್ರಿ. ಮದುವಿಗೆ ಮೊದಲಿಂದು ಇರಬಹುದು, ಗಂಡಗ ಹೇಳಲಾರದ್ದು ಇರಬಹುದು, ಹೆಣ್ಣು ಅಂತ ಅತ್ತಿಮನಿಯವರ ತೆಗಿಸಿದ್ದೂ ಇರಬಹುದು. ನ್ಯಾಯ ಪಂಚಾಯತಿ ಮಾಡೂ ಜಾಗಾ ದವಾಖಾನಿ ಅಲ್ಲ. ಗರ್ಭಪಾತ ಮಾಡಿಸ್ಕೊಂಡಾಕಿ ಹೆಸರು ವಿವರ ಡಾಕ್ಟರು ಹೊರಗ ಹೇಳಬಾರದು ಅಂತ 2021ರಾಗ ತಿದ್ದುಪಡಿ ಆದ ಕಾಯ್ದೆದಾಗ ಬರದಾರ. ನೀವು ಹೇಳೂ ಮೊದ್ಲ 'ಇದು ನಮ್ಮ ಮನಿಯವರಿಗೆ ಗೊತ್ತಾಗಬಾರದ್ರಿ' ಅಂತ ಡಾಕ್ಟರಿಗೆ ಒಂದು ಮಾತು ಹೇಳ್ರಿ, ಅವರಿಗೂ ತಿಳೀತದ. ಡಾಕ್ಟರುಗಳಿಗೂ ನನ್ನ ವಿನಂತಿ, ಎಲ್ಲಾರ ಮುಂದ ಕೂಡಿಸಿಕೊಂಡು 'ಅಬಾರ್ಷನ್ ಏನರ ಆಗ್ಯಾವೇನಮ್ಮಾ?' ಅಂತ ಕೇಳಬ್ಯಾಡ್ರಿ. ಅಲ್ಲೆ ಖರೇ ಉತ್ತರ ಬರಂಗಿಲ್ಲ.

ಎರಡನೇ ಮಾತು, ರಕ್ತದ ಬಾಟ್ಲಿ. ನಮ್ಮ ಕಡೆ 'ಹೆಣ್ಣುಮಗಳು ಬೆಳ್ಳಗಾಗ್ಯಾಳ, ಶಕ್ತಿ ಬರ್ಲಿ, ಒಂದು ಬಾಟ್ಲಿ ರಕ್ತ ಹಾಕಿಸಿ ಬಿಡ್ರಿ' ಅನ್ನೂ ಚಟಾ ಅದ. ಕಿಡ್ನಿ ಹೋದವರಿಗೆ ರಕ್ತ ಕಡಿಮಿ ಆಗೇ ಆಗ್ತದ, ಯಾಕಂದ್ರ ರಕ್ತ ಮಾಡೂ ಅಂತ ಹೇಳಿ ಕಳಸೂ ಹಾರ್ಮೋನ್ ಕಿಡ್ನಿಯೊಳಗ ತಯಾರಾಗ್ತದ. ಅದಕ್ಕ ಎರಿತ್ರೊಪೊಯೆಟಿನ್ ಅಂತ ಸೂಜಿ ಅದ, ಕಬ್ಬಿಣಾಂಶದ ಸೂಜಿನೂ ಅದ. ಮುಂದ ಕಸಿ ಮಾಡಿಸೂ ವಿಚಾರ ಇದ್ದಾಕಿಗೆ ಬಾಟ್ಲಿ ಬದಲಿ ಇವುಗಳಿಂದ ನಡೀತದೇನು ಅಂತ ಕೇಳ್ರಿ. ಮೊದ್ಲ ಹಡೆದಾಕಿ ಮೈಗೆ ಹೊಸಾ ರಕ್ತ ಬಿತ್ತಂದ್ರ ಮಲಗಿದ್ದ ಆಂಟಿಬಾಡಿ ನೆನಪು ಮತ್ತ ಎಚ್ಚರಾಗಬಹುದು. ಜೀವಕ್ಕ ಬಂದಾಗ ಮಾತ್ರ ಬ್ಯಾಡ ಅನ್ನಬ್ಯಾಡ್ರಿ, ಮೊದ್ಲ ಜೀವಾ ಉಳೀಬೇಕು. ಹಾಕಿಸಿದ್ರ ತಾರೀಖು ಬರದಿಟ್ಟು ಕಸಿ ಡಾಕ್ಟರಿಗೆ ಹೇಳ್ರಿ, ಟೆಸ್ಟ್ ಹೊಸದಾಗಿ ಮಾಡಬೇಕಾಗ್ತದ.

ಈಗ 'ಕೂಡಲಿಲ್ಲ' ಅಂದ ಮ್ಯಾಲೆ ಮುಂದೇನು ಅನ್ನೂದು. ನಮ್ಮ ಮನ್ಯಾಗ ರಿಪೋರ್ಟ್ ಬಂದ ದಿನ ಬಂದ ಮಾತು ಒಂದೊಂದಲ್ಲ. ಜಾತಕ ಕೂಡಿರಲಿಲ್ಲ ಅಂದ್ರು ಒಬ್ಬರು. ಗಂಡನ ಮ್ಯಾಲೆ ಮನಸಿಲ್ಲದಾಕಿಗೆ ಹಿಂಗ ಆಗ್ತದ ಅಂದಾಕಿ ಒಬ್ಬಾಕಿ ಇದ್ಲು, ಆಕಿ ಇದನ್ನ ಓದ್ಲಿ ಅಂತ ಬರದೀನಿ. ಕ್ರಾಸ್‌ಮ್ಯಾಚ್ ರಿಪೋರ್ಟು ಸಂಸಾರದ ಮಾರ್ಕ್ಸ್ ಕಾರ್ಡ್ ಅಲ್ರೀ. ಗಂಡನ ಮಕ್ಕಳನ್ನ ಹಡೆದದ್ದಕ್ಕ ಬಂದ ಫಲ ಅದು. ಅದಕ್ಕ ದಾರಿ ಅವ.

ಒಂದು, ಬ್ಯಾರೆ ಸಂಬಂಧಿಕರನ್ನ ನೋಡೂದು. ಒಡಹುಟ್ಟಿದವರೊಳಗ ಎಲ್ಲಾ ಗುರುತು ಒಂದ ಇರೂ ಸಾಧ್ಯತೆ ನಾಲ್ಕಕ್ಕ ಒಂದು. ನಮ್ಮ ನೆಗೆಣ್ಣಿ ಅಣ್ಣಗ ಸಕ್ಕರಿ ರೋಗ ಇತ್ತು, ಅದಕ್ಕ ಆಗಲಿಲ್ಲ. ಎರಡು, ಜೋಡಿ ಅದಲು ಬದಲು. ಇದಕ್ಕ ಸ್ವ್ಯಾಪ್ ಅಂತಾರ. ನಮ್ಮವರದು ನಮಗ ಕೂಡೂದಿಲ್ಲ, ಇನ್ನೊಂದು ಮನಿಯವರದು ಅವರಿಗೆ ಕೂಡೂದಿಲ್ಲ. ಇವರದು ಅವರಿಗೆ, ಅವರದು ಇವರಿಗೆ. 1994ರ ಅಂಗಾಂಗ ಕಸಿ ಕಾಯ್ದೆಕ್ಕ 2011ರಾಗ ತಿದ್ದುಪಡಿ ಮಾಡಿ ಇದನ್ನ ಒಪ್ಪಿಗಿ ಮಾಡ್ಯಾರ. ಗಂಡ, ಹೆಂಡತಿ, ತಂದಿ, ತಾಯಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಇಂಥ ಹತ್ತಿರದವರ ಕೊಡಬೇಕು, ಸಮಿತಿ ಒಪ್ಪಿಗಿ ಬೇಕು, ರೊಕ್ಕಾ ಕೊಟ್ಟು ತಗೊಳ್ಳೂದು ಅಪರಾಧ. ನಮ್ಮ ನೆಗೆಣ್ಣಿಗೆ ಆದದ್ದು ಇದ. ನಮ್ಮ ಮೈದುನನ ಕಿಡ್ನಿ ಇನ್ನೊಬ್ಬ ಯಜಮಾನರಿಗೆ ಹೋತು, ಅವರ ಹೆಂಡತಿ ಕಿಡ್ನಿ ನಮ್ಮಾಕಿಗೆ ಬಂತು. ಕಡೀಕ್ಷಣಕ್ಕ ಯಾರೂ ಮನಸು ಬದಲಿಸಬಾರದು ಅಂತ ಎಲ್ಲಾ ಆಪರೇಶನ್ ಒಂದ ದಿನ ಮಾಡಿದ್ರು. ಈಗ ಅವರ ಮನಿ ಹೋಳಿಗಿ ನಮ್ಮ ಮನಿಗೆ ಬರ್ತಾವ, ನಮ್ಮ ಮನಿ ಉಂಡಿ ಅವರ ಮನಿಗೆ ಹೋಗ್ತಾವ.

ಮೂರನೇ ದಾರಿ, ಮೈಯಾಗಿನ ಆಂಟಿಬಾಡಿ ತೆಗದು ಕಸಿ ಮಾಡೂದು. ಡಯಾಲಿಸಿಸ್ಸಿನಂಗ ಮಷೀನಿಗೆ ಹಚ್ಚಿ ರಕ್ತದ ತಿಳಿನೀರು ತೆಗದು ಬ್ಯಾರೆ ತುಂಬ್ತಾರ, ಅದಕ್ಕ ಪ್ಲಾಸ್ಮಾಫೆರೆಸಿಸ್ ಅಂತಾರ. ಜೋಡಿ ಐವಿಐಜಿ, ರಿಟುಕ್ಸಿಮ್ಯಾಬ್ ಅಂಥ ಔಷಧ ಕೊಡ್ತಾರ. ಇದರಿಂದ ಭಾಳ ಮಂದಿಗೆ ದಾರಿ ಆಗ್ಯದ. ಆದ್ರ ಖರ್ಚು ದೊಡ್ಡದು, ಸೋಂಕು ಹತ್ತೂ ಹೆದರಿಕಿ ಇರ್ತದ, ಆಂಟಿಬಾಡಿ ತಿರುಗಿ ಏಳೂದೂ ಉಂಟು. ನನ್ನ ತಿಳುವಳಿಕಿ ಪ್ರಕಾರ, ಅದಲು ಬದಲಿಗೆ ಜೋಡಿ ಸಿಗೂಹಂಗಿದ್ರ ಮೊದ್ಲ ಅದನ್ನ ಹುಡುಕಿಸ್ರಿ. ನಾಲ್ಕನೇದು, ನಮ್ಮ ರಾಜ್ಯದ ಜೀವಸಾರ್ಥಕತೆ ಪಟ್ಟಿಯೊಳಗ ಹೆಸರು ಹಚ್ಚಿ, ಮೆದುಳು ಸತ್ತವರ ಮನಿಯವರು ಮಾಡೂ ದಾನಕ್ಕ ಕಾಯೂದು. ಈ ಎಲ್ಲಾ ದಾರಿ ಒಟ್ಟಿಗೆ ಹಿಡಿಬಹುದು, ಒಂದು ಮುಗಿದ ಮ್ಯಾಲೆ ಇನ್ನೊಂದು ಅಂತ ಕೂಡೂದು ಬ್ಯಾಡ. ಬಿಪಿಎಲ್ ಕಾರ್ಡಿನವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಕಸಿಗೆ ಸಹಾಯ ಅದ, ಅದನ್ನೂ ಕೇಳ್ರಿ.

ಕಸಿ ಆತಂದ್ರ ಆಂಟಿಬಾಡಿ ಕತಿ ಮುಗೀತು ಅಂತಲ್ಲ. ಮೊದ್ಲ ಇಲ್ಲದಿದ್ದವರಿಗೂ ಆಮ್ಯಾಲೆ ಹೊಸದಾಗಿ ಹುಟ್ಟಬಹುದು. ಅದಕ್ಕ ದೊಡ್ಡ ಕಾರಣ ಗುಳಗಿ ತಪ್ಪಸೂದು. ಟ್ಯಾಕ್ರೊಲಿಮಸ್ ಗುಳಗಿ ದಿನಕ್ಕ ಎರಡು ಸಲ ಕೊಟ್ಟಿದ್ರ ಹನ್ನೆರಡು ತಾಸಿಗೊಮ್ಮೆ ಅಂದ್ರ ಹನ್ನೆರಡು ತಾಸಿಗೊಮ್ಮೆ. ಗಂಡಸು ಕಸಿ ಮಾಡಿಸ್ಕೊಂಡ್ರ ಹೆಂಡತಿ ಗಡಿಯಾರ ಹಿಡ್ಕೊಂಡು ನೀರು ಗುಳಗಿ ಕೈಯಾಗ ಕೊಡ್ತಾಳ. ಹೆಣ್ಣುಮಗಳು ಮಾಡಿಸ್ಕೊಂಡ್ರ ಆಕಿ ಎಲ್ಲಾರಿಗೂ ಬಡಿಸಿ, ಭಾಂಡಿ ಒಳಗಿಟ್ಟು, ಆಮ್ಯಾಲೆ ನೆನಪಾದ್ರ ತಗೋತಾಳ. ಮದುವಿ ಮನ್ಯಾಗ ಅಂತೂ ಚೀಲ ಒಂದು ಕಡೆ, ಆಕಿ ಒಂದು ಕಡೆ. ಏಕಾದಶಿ ದಿನ ಗುಳಗಿನೂ ಬಿಟ್ಟಾಕಿ ಬಗ್ಗೆ ಕೇಳೀನಿ. ದೇವರು ಉಪವಾಸ ಕೇಳ್ಯಾನ, ಕಿಡ್ನಿ ಕೇಳಿಲ್ಲ. ಮಕ್ಕಳ ಫೋನಿನ್ಯಾಗ ಗಂಟಿ ಹಚ್ಚಿ, 'ಅವ್ವಾ ತಗೊಂಡ್ಯಾ?' ಅಂತ ಕೇಳೂ ಕೆಲಸ ಅವರಿಗೆ ಹಚ್ರಿ.

ಅಡಗಿಮನಿ ಮಾತೂ ಒಂದೆರಡು ಅವ. ಚಕ್ಕೋತ ಹಣ್ಣು ಬ್ಯಾಡ, ಅದು ಈ ಗುಳಗಿ ಅಂಶ ರಕ್ತದಾಗ ಏರಿಸ್ತದ. ಕ್ಷಯರೋಗಕ್ಕ ಕೊಡೂ ರಿಫಾಂಪಿಸಿನ್ ಗುಳಗಿ ಅದನ್ನ ಇಳಸ್ತದ, ಹಂಗಾಗಿ ಬ್ಯಾರೆ ಯಾವ ಡಾಕ್ಟರ ಕಡೆ ಹೋದ್ರೂ ಕಸಿ ಆಗ್ಯದ ಅಂತ ಮೊದ್ಲ ಹೇಳಬೇಕು. ಮೈಕೈ ನೋವಿಗೆ ಅಂಗಡಿಯಿಂದ ತಾವ ತಂದು ನುಂಗಬಾರದು. ಯಾರೋ ಕೊಟ್ಟ ಬೇರು, ಕಷಾಯ, ಪುಡಿ ಡಾಕ್ಟರಿಗೆ ಕೇಳದ ಕುಡಿಬಾರದು. ಗುಳಗಿ ಅಂಶ ನೋಡೂ ರಕ್ತಪರೀಕ್ಷಾಕ್ಕ ಮುಂಜಾನೆ ಗುಳಗಿ ತಗೊಳ್ಳೂಕಿಂತ ಮೊದ್ಲ ಹೋಗಬೇಕು, ಗುಳಗಿ ಚೀಲದಾಗ ಒಯ್ಯಬೇಕು.

ಕಡೀ ಮಾತು, ಸ್ವಲ್ಪ ಕಟು ಅನ್ನಿಸಬಹುದು. 1995ರಿಂದ 2021ರ ತನಕ ನಮ್ಮ ದೇಶದಾಗ 36,640 ಅಂಗಕಸಿ ಆದ್ವು ಅಂತ ಸರ್ಕಾರದ ಅಂಗಕಸಿ ಸಂಸ್ಥೆ ನೋಟ್ಟೋ ಲೆಕ್ಕ ಹೇಳ್ತದ. ಅದರಾಗ ಹೆಣ್ಣುಮಕ್ಕಳಿಗೆ ಆದದ್ದು 6,945. ಉಳಿದದ್ದೆಲ್ಲಾ ಗಂಡಸರಿಗೆ. ಬದುಕಿದ್ದಾಗ ಅಂಗ ಕೊಟ್ಟವರೊಳಗ ಐದಕ್ಕ ನಾಲ್ಕು ಮಂದಿ ಹೆಣ್ಣುಮಕ್ಕಳು. 2025ರ ಆಗಸ್ಟಿನ್ಯಾಗ ಅದ ನೋಟ್ಟೋದವರು ಕಾಯೂ ಪಟ್ಟಿಯೊಳಗ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡ್ರಿ ಅಂತ ರಾಜ್ಯಗಳಿಗೆ ಬರದಾರ. ಛಲೋ ಆತು. ಆದ್ರ ಪಟ್ಟಿಗೆ ಹೆಸರು ಹಚ್ಚೂವರು ಮನಿಯವರ ಅಲ್ಲೇನ್ರಿ? 'ವಯಸ್ಸಾತು, ಮಕ್ಕಳು ದೊಡ್ಡವರಾದ್ರು, ಡಯಾಲಿಸಿಸ್ ಮ್ಯಾಲೇ ನಡೀಲಿ' ಅಂತ ಗಂಡಸಿಗೆ ಯಾರೂ ಹೇಳಿದ್ದು ನಾ ಕೇಳಿಲ್ಲ. ಹೆಣ್ಣುಮಕ್ಕಳು ತಮ್ಮ ಬಾಯಿಲೆ ತಾವ ಹೇಳ್ಕೋತಾರ, ಮಗ್ಗಲದವರು ಹೂಂ ಅಂತಾರ. ಅದರ ಮ್ಯಾಲೆ 'ಟೆಸ್ಟ್ ಕೂಡಲಿಲ್ಲ' ಅನ್ನೂದು ಒಂದು ಸಿಕ್ತಂದ್ರ ಫೈಲು ಕಪಾಟಿಗೆ ಹೋಗ್ತದ. ಹಡೆದದ್ದಕ್ಕ ಬಂದ ತೊಡಕನ್ನ ಹಡೆದಾಕಿಗೆ ದಂಡ ಮಾಡಬಾರದು. ಆಕಿಗೆ ಹೆಚ್ಚಿನ ಟೆಸ್ಟ್ ಬೇಕು, ಹೆಚ್ಚಿನ ಓಡಾಟ ಬೇಕು ಅಂದ್ರ ಆ ಓಡಾಟ ಮನಿಮಂದಿ ಮಾಡಬೇಕು.

ಈಗ ಕಿಡ್ನಿ ಆರಾಮ ಇದ್ದವರೂ ಒಂದು ಕೆಲಸ ಮಾಡ್ರಿ. ಒಂದು ಚೀಟಿಯೊಳಗ ನಿಮ್ಮ ರಕ್ತದ ಗುಂಪು, ಎಷ್ಟು ಸಲ ಬಸುರು, ಯಾವ ವರ್ಷ, ಯಾವುದು ನಿಂತಿತು ಯಾವುದು ಹೋತು, ರಕ್ತ ಯಾವಾಗ ಎಷ್ಟು ಬಾಟ್ಲಿ ಏರಿಸಿದ್ರು, ಎಲ್ಲಾ ಬರದು ನಿಮ್ಮ ಸೀರಿ ಕಪಾಟಿನ್ಯಾಗ ನಿಮಗಷ್ಟ ಗೊತ್ತಿರೂ ಜಾಗಾದಾಗ ಇಡ್ರಿ. ವಯಸ್ಸಾದಂಗ ತಾರೀಖು ಮರೀತಾವ. ಸಕ್ಕರಿ, ಬಿಪಿ ಇದ್ದವರು ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತ ಮೂತ್ರದ ಪರೀಕ್ಷಾ ಮಾಡಿಸ್ರಿ. ಕೇಳೂದಿದ್ರ ಮಧ್ಯಾಹ್ನ ಮೂರರ ಮ್ಯಾಲೆ ಬರ್ರಿ, ವಹಿ ತೆಗದು ಇಟ್ಟಿರ್ತೀನಿ. ನೆಗೆಣ್ಣಿನೂ ಮಾತಾಡ್ತೀನಿ ಅಂದಾಳ. ಆಕಿ ಇದ್ದಾಗ ಮಾಸ್ಕ್ ಹಾಕ್ಕೊಂಡು ಬರ್ರಿ, ನೆಗಡಿ ಇದ್ದವರು ಫೋನ್ ಮಾಡ್ರಿ.